ಮನೆ ಮುಂದಿನ ದಾಸವಾಳ

ಕಳೆದ ಭಾನುವಾರ ನರ್ಸರಿಯ ದಾಸವಾಳದ ಸಾಲಿನ ಮುಂದೆ ನಾವು ಮೂವರಿದ್ದೆವು: ನಾನು, ನನ್ನ ಗಂಡ, ಗಿಡ ಮಾರುವಾತ. ನಾನು ಒಂದು ದಾಸವಾಳದ ಎಲೆ ಮಗುಚಿ, ಅಡಿಯಲ್ಲಿ ಬಿಳಿ ಹಿಟ್ಟಿನಂಥ ಹುಳು ಕೂತಿದೆಯೇ ಎಂದು ಹುಡುಕುತ್ತಿದ್ದೆ. ಆತನಿಗೆ ಬೇಸರವಾಯಿತೇನೋ, “ಶೋಗಾ, ಪೂಜೆಗಾ ಮೇಡಂ?” ಎಂದ. ನನ್ನ ಗಂಡ ಎಷ್ಟು ಜೋರಾಗಿ ನಕ್ಕರೆಂದರೆ ಅತ್ತ ಕ್ರೋಟನ್ ಆರಿಸುತ್ತಿದ್ದವರು ತಿರುಗಿ ನೋಡಿದರು. ನಕ್ಕಿದ್ದೇಕೆಂದು ಹೇಳಬೇಕಾದರೆ ನಿಮ್ಮನ್ನು ಚಾಮರಾಜಪೇಟೆಯ ನನ್ನ ಅತ್ತೆ ಮಾವನ ಮನೆಗೆ ಕರೆದೊಯ್ಯಬೇಕು. ಬನ್ನಿ, ಗೇಟು ಹಾಕಿಲ್ಲ.

ಆ ಮನೆಯಲ್ಲಿ ಹೂಗಿಡಗಳಿಗೂ ಗಡಿಯಿತ್ತು. ಹಿತ್ತಲಿನ ನಂದಿಬಟ್ಟಲು, ಕಣಗಿಲೆಗಳೆಲ್ಲ ಅತ್ತೆಯ ದೇವರಿಗೆ. ಮನೆ ಮುಂದಿನ ಸುತ್ತುದಾಸವಾಳಗಳು ಮಾವನವು. ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಡಿಕಾಕ್ಷನ್ ಇಳಿದ ಮೇಲೆ ಉಳಿಯುವ ಕಾಫಿ ಚರಟ ಅವುಗಳ ಬುಡಕ್ಕೆ, ಅಕ್ಕಿ ತೊಳೆದ ನೀರು ಅವಕ್ಕೇ. “ಈ ಉಪಚಾರ ನನ್ನ ಮಂಡಿಗೆ ಮಾಡಿದ್ರೆ ಇಷ್ಟೊತ್ತಿಗೆ ಲಾಲ್‌ಬಾಗ್ ಸುತ್ತಿ ಬರ್ತಿದ್ದೆ” ಎನ್ನುತ್ತಿದ್ದರು ಅತ್ತೆ. ಹೊಸದಾಗಿ ಸೊಸೆಯಾಗಿ ಬಂದಿದ್ದ ನನಗೆ ಮಾವ ಪಾಠ ಹೇಳುತ್ತಿದ್ದರು: “ಗಿಡ ಆರಿಸೋವಾಗ ಹೂವು ನೋಡಿ ಮರುಳಾಗಬಾರದಮ್ಮ, ಬುಡ ನೋಡ್ಬೇಕು.” ಒಳಗಿನಿಂದ ಅತ್ತೆ, “ನಿಜ ಕಣೇ, ನನ್ನ ನೋಡೋಕೆ ಬಂದಾಗ್ಲೂ ಕತ್ತೇ ಎತ್ತಲಿಲ್ಲ!”

ಮಾವನಿಗೆ ಒಂದೇ ಒಂದು ಆಸೆ. ಬಡಾವಣೆಯ ಸಂಘದವರು ನಡೆಸುವ ಮನೆತೋಟದ ಸ್ಪರ್ಧೆಯಲ್ಲಿ ಒಮ್ಮೆಯಾದರೂ ಕಪ್ ಗೆಲ್ಲಬೇಕು. ಪ್ರತಿವರ್ಷವೂ ಅದು ಮೂಲೆಮನೆಯವರ ಪಾಲಾಗುತ್ತಿತ್ತು. ಆ ವರ್ಷ ದಾಸವಾಳ ಹಿಂದೆಂದೂ ಕಾಣದಷ್ಟು ಮೊಗ್ಗು ಕಟ್ಟಿತ್ತು. ತೀರ್ಪುಗಾರರು ಶುಕ್ರವಾರ ಬರುವವರಿದ್ದರು. ಹೆಸರು ಕೊಟ್ಟಿರುವುದನ್ನು ಮಾವ ಗುಟ್ಟಾಗಿ ನನಗೊಬ್ಬಳಿಗೇ ತಿಳಿಸಿದರು. “ನಿಮ್ಮತ್ತೆಗೆ ಹೇಳ್ಬೇಡ. ಅವಳಿಗೆ ಹೇಳೋದೂ ಒಂದೇ, ಬೀದೀಲಿ ಡಂಗುರ ಸಾರೋದೂ ಒಂದೇ. ದೃಷ್ಟಿ ಆಗತ್ತೆ.” ಹಿತ್ತಲೂ ಅಚ್ಚುಕಟ್ಟಾಗಿ ಕಾಣಲೆಂದು ಅದೇ ವಾರ ಕತ್ತರಿ ಹಿಡಿದು ಅಲ್ಲಿನ ಗಿಡಗಳನ್ನೆಲ್ಲ ಸವರಿ ಹಾಕಿದರು. ಸವರಿದ ಗಿಡ ಚಿಗುರಿ ಮತ್ತೆ ಹೂ ಬಿಡಲು ವಾರಗಳೇ ಬೇಕು. ಆದರೆ ದೇವರಿಗೆ ಶುಕ್ರವಾರ ಬರುವುದು ವಾರಕ್ಕೊಮ್ಮೆ.

ಆ ಶುಕ್ರವಾರ ಬೆಳಿಗ್ಗೆ ನಾನು ಕಾಫಿ ಹಿಡಿದು ಹೊರಗೆ ಬಂದಾಗ ಮಾವ ಮೆಟ್ಟಿಲ ಮೇಲೆ ಕೂತಿದ್ದರು. ಎದುರಿಗೆ ದಾಸವಾಳದ ಗಿಡಗಳಲ್ಲಿ ಎಲೆ ಬಿಟ್ಟರೆ ಬೇರೇನಿಲ್ಲ. ಒಳಗೆ ದೇವರ ಮನೆಯಲ್ಲಿ ಲಕ್ಷ್ಮಿ ಕಿರೀಟದವರೆಗೂ ದಾಸವಾಳದಲ್ಲಿ ಮುಳುಗಿದ್ದಳು.

“ಹಿಂದುಗಡೆ ಒಂದು ಹೂವೂ ಉಳಿಸಿಲ್ಲ ಇವರು,” ಎಂದರು ಅತ್ತೆ. “ಮನೆ ತುಂಬ ಗಿಡ ಇಟ್ಕೊಂಡು ಗಾಂಧಿ ಬಜಾರಲ್ಲಿ ಹೂವು ಕೊಳ್ಳಕ್ಕಾಗತ್ತಾ?”

ಇನ್ನು ಗುಟ್ಟು ಇಟ್ಟುಕೊಂಡು ಪ್ರಯೋಜನವಿರಲಿಲ್ಲ, ಹೇಳಿಬಿಟ್ಟೆ. ಅತ್ತೆ ಕಿಟಕಿಯಿಂದ ಮಾವನ ಬೆನ್ನನ್ನೊಮ್ಮೆ ನೋಡಿದರು, ಲಕ್ಷ್ಮಿಯನ್ನೊಮ್ಮೆ ನೋಡಿದರು.

“ಮಂಗಳಾರತಿ ಆಯ್ತು. ಇನ್ನು ಇದು ಪ್ರಸಾದ. ಪ್ರಸಾದ ನಮ್ಮ ತಲೆಗೆ ಏರಬಹುದಂತೆ, ಗಿಡದ ತಲೆಗೆ ಏರಬಾರದಾ? ಬಾಳೆನಾರು ತಗೊಂಡು ಬಾರೇ!”

ದಾಸವಾಳದ ಗುಣ ನಿಮಗೆ ಗೊತ್ತಿರಬೇಕು. ಬೆಳಿಗ್ಗೆ ಕಿತ್ತರೂ ಸಂಜೆಯವರೆಗೆ ಬಾಡದು. ನಾವಿಬ್ಬರೂ ಕೂತು ನಿಂತು, ಬಗ್ಗಿ ಎದ್ದು, ಒಂದೊಂದೇ ಹೂವನ್ನು ಟೊಂಗೆಗೆ ಕಟ್ಟಿದೆವು. ಕೆಂಪು ಹೂವನ್ನು ಹಳದಿ ಗಿಡಕ್ಕೆ ಕಟ್ಟಿದ ಜಾಣೆ ನಾನೇ.

ತೀರ್ಪು ಹೇಳಲು ಬಂದದ್ದು ಹಿರಿಯ ಹೆಂಗಸೊಬ್ಬರು. ಎಲ್ಲ ಬಿಟ್ಟು ನೇರವಾಗಿ ಆ ಹಳದಿ ಗಿಡದ ಮುಂದೆಯೇ ನಿಂತರು. “ಅಬ್ಬಾ, ಒಂದೇ ಗಿಡದಲ್ಲಿ ಎರಡು ಬಣ್ಣ! ಕಸಿ ಮಾಡಿದೀರಾ ಸಾರ್?”

ಮಾವ ‘ಹೂಂ’ ಎಂದಿದ್ದರೆ ಕಪ್ ಅಲ್ಲೇ ಕೈಗೆ ಬರುತ್ತಿತ್ತು. ಅವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

“ಕಸಿ ಅಲ್ಲಮ್ಮ, ಕಟ್ಟಿರೋದು. ಬೆಳಿಗ್ಗೆ ದೇವರಿಗೆ ಏರಿಸಿದ ಹೂವು.”

“ಕಿತ್ತಿದ್ದು ನಾನು,” ಎನ್ನುತ್ತ ಅತ್ತೆ ಹೊರಗೆ ಬಂದರು. “ಮಾರ್ಕ್ಸ್ ಕಳೆಯೋದಾದ್ರೆ ನನ್ನದರಲ್ಲಿ ಕಳೀರಿ.”

“ಅವಳೇನು ಮಾಡ್ತಾಳೆ, ಹಿತ್ತಲು ಬೋಳಿಸಿದ್ದು ನಾನು.”

“ನೀವು ಸುಮ್ನಿರಿ, ನಾನು ಮಾತಾಡ್ತಿದೀನಿ.”

“ಮದುವೆ ಆದಾಗಿಂದ ನೀನೇ ಮಾತಾಡ್ತಿರೋದು!”

ಆಕೆ ಇಬ್ಬರನ್ನೂ ನೋಡಿ, ಬಗ್ಗಿ ಆ ಕೆಂಪು ಹೂವನ್ನು ಬಿಡಿಸಿಕೊಂಡರು. ಎಸಳಿನ ಮೇಲೆ ಕುಂಕುಮ ಇನ್ನೂ ಇತ್ತು. ಕಣ್ಣಿಗೊತ್ತಿಕೊಂಡು ಮುಡಿದುಕೊಂಡರು. “ಮಾರ್ಕ್ಸ್ ಕೊಡೋಕಾಗಲ್ಲ ಸಾರ್, ಪ್ರಸಾದ ತಗೋತೀನಿ” ಎಂದು ನಗುತ್ತಾ ಮೂಲೆಮನೆಯತ್ತ ನಡೆದರು. ಕಪ್ ಕೂಡ ಅವರ ಹಿಂದೆಯೇ ಅಲ್ಲಿಗೆ ಹೋಯಿತು. ಮಾವ ಸುದ್ದಿ ಕೇಳಿ, ಇನ್ನೊಂದು ಲೋಟ ಕಾಫಿ ಬೇಕೆಂದರು, ಅಷ್ಟೇ.

ಈಗ ನಾನು ಯಾವ ಗಿಡ ತಂದರೂ, ಮುಂದೆ ನೆಡಲೋ ಹಿಂದೆ ನೆಡಲೋ ಎಂದು ಮೊದಲು ಮನೆಯವರನ್ನು ಕೇಳುತ್ತೇನೆ. ಗುಟ್ಟಿನಲ್ಲಿ ತೋಟ ಮಾಡಬಾರದೆಂದು ತಿಳಿದಿದೆ.

ಆ ವರ್ಷ ನವರಾತ್ರಿಯ ಹೊತ್ತಿಗೆ ಹಿತ್ತಲಿನ ಗಿಡಗಳು ಚಿಗುರಿ ಹೂ ತುಂಬಿಕೊಂಡವು. ಅತ್ತೆಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಶುಕ್ರವಾರ ಬೆಳಿಗ್ಗೆ ಮಾವ ಬುಟ್ಟಿ ಹಿಡಿದು ದಾಸವಾಳದ ಪಕ್ಕದಲ್ಲಿ ನಿಂತು ಕೂಗಿದರು: “ಬಾರೇ ಇಲ್ಲಿ, ಯಾವುದು ಕೀಳಲಿ ಹೇಳು.”

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ತುಸು ಹೊತ್ತು ಆರಿಸಿ, “ಈ ಎರಡು ಸಾಕು. ಮಿಕ್ಕಿದ್ದು ಇರ್ಲಿ, ರಸ್ತೇಲಿ ಹೋಗೋರೂ ನೋಡ್ಲಿ” ಎಂದರು.

ಮಾವ ಎರಡನ್ನೂ ಕಿತ್ತು ಬುಟ್ಟಿಗೆ ಹಾಕಿದರು. ಮೂರನೆಯದೊಂದನ್ನು ಕಿತ್ತು ಅತ್ತೆಯ ಕೈಗೆ ಕೊಟ್ಟರು.