ಕಾಂಗಾ ಸಾಹೇಬರ ಜೊತೆಗಿದ್ದವರು

ಕುಂದಗೋಳ ತಾಲೂಕಿನ ಆ ಹಳ್ಳಿಯಲ್ಲಿ ಹೊಳೆಪ್ಪನನ್ನು ಎಲ್ಲರೂ ಮಿಲ್ಟ್ರಿ ಹೊಳೆಪ್ಪ ಎಂದೇ ಕರೆಯುತ್ತಿದ್ದರು. ‘ಮಿಲ್ಟ್ರಿ ಅಲ್ಲಲೇ, ಏರ್‌ಫೋರ್ಸು’ ಎಂದು ಮೊದಮೊದಲು ತಿದ್ದುತ್ತಿದ್ದವನು ಬರಬರುತ್ತ ಅದನ್ನೂ ಬಿಟ್ಟ. ಹದಿನೆಂಟಕ್ಕೆ ಬೆಳಗಾವಿಯಲ್ಲಿ ಭರ್ತಿಯಾಗಿ ಹೋದವನು ಹದಿನೈದು ವರ್ಷ ವಿಮಾನಗಳಿಗೆ ಬಾಂಬು ಏರಿಸಿ ಬಂದಿದ್ದ. ಆಮೇಲೆ ಹುಬ್ಬಳ್ಳಿಯ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ಕೂತ, ಆರು ಎಕರೆ ಕರಿಮಣ್ಣಿನ ಎರಿ ಹೊಲ ಮಾಡಿಸಿದ, ಎಪ್ಪತ್ತಮೂರು ತುಂಬಿಸಿದ. ಆ ದಿನಗಳ ಬಗ್ಗೆ ಯಾರಾದರೂ ಕೇಳಿದರೆ ಮೆಸ್ಸಿನ ಊಟ, ಉತ್ತರದ ಚಳಿ, ಸಾರ್ಜೆಂಟನ ಬೈಗುಳ ಇವನ್ನೇ ಹೇಳಿ ನಗಿಸುತ್ತಿದ್ದ. ಸಾವಿರದ ಒಂಬೈನೂರ ಎಪ್ಪತ್ತೊಂದರ ಡಿಸೆಂಬರಿನ ಯುದ್ಧದ ಸುದ್ದಿಯನ್ನು ಮಾತ್ರ ಹೆಂಡತಿ ಮಹಾನಂದಾಳ ಹೊರತು ಯಾರಿಗೂ ಹೇಳಿರಲಿಲ್ಲ.

ಆಗ ಅವನಿಗೆ ಇಪ್ಪತ್ತು. ಗಡಿಯಾಚೆ ಹೋಗಿ ಬರುತ್ತಿದ್ದ ಕ್ಯಾನ್ಬೆರಾ ಬಾಂಬರ್ ವಿಮಾನಕ್ಕೆ ಬಾಂಬು ಕಟ್ಟುವುದು, ಪೈಲಟ್‌ನ ಕುರ್ಚಿ ನೋಡಿಕೊಳ್ಳುವುದು ಅವನ ಕೆಲಸ. ವಿಮಾನಕ್ಕೆ ಏಟು ಬಿದ್ದಾಗ ಪೈಲಟ್ ಒಂದು ಹಿಡಿಕೆ ಎಳೆದರೆ ಸಾಕು, ಕುರ್ಚಿ ಸಮೇತ ಹೊರಗೆ ಚಿಮ್ಮಿ ಪ್ಯಾರಾಶೂಟಿನಲ್ಲಿ ಇಳಿಯಬಹುದಿತ್ತು. ದಾರಿ ನೋಡಿ ಹೇಳುವ ನ್ಯಾವಿಗೇಟರನಿಗೆ ಅಂಥ ಕುರ್ಚಿ ಇರಲಿಲ್ಲ. ಅವನು ವಿಮಾನದ ಮೂತಿಯೊಳಗೆ ತೂರಿಕೊಂಡಿರಬೇಕು. ಪಾರಾಗಬೇಕಾದರೆ ತೆವಳಿಕೊಂಡು ಬಂದು, ಪಕ್ಕದ ಸಣ್ಣ ಬಾಗಿಲು ತೆರೆದು, ತಾನೇ ಹಾರಬೇಕು. ಹೊಳೆಪ್ಪನ ಪಾಲಿಗೆ ಬಂದ ವಿಮಾನದ ಪೈಲಟ್ ಬೆಹ್ರಾಮ್ ಕಾಂಗಾ, ಮುಂಬೈಯ ಪಾರ್ಸಿ. ನ್ಯಾವಿಗೇಟರ್ ನಿರೋದ ಸೈಕಿಯಾ, ಅಸ್ಸಾಮಿನವನು, ಇಪ್ಪತ್ನಾಲ್ಕು ವರ್ಷದವನು. ಹಾರುವ ಮುಂಚೆ, ಕುರ್ಚಿ ಸುಮ್ಮನೆ ಚಿಮ್ಮದಂತೆ ತಡೆಯುವ ಪಿನ್ನನ್ನು ಕಾಂಗಾನ ಕುರ್ಚಿಯಿಂದ ತೆಗೆದು ಹೊಳೆಪ್ಪ ಎತ್ತಿ ತೋರಿಸಿದಾಗಲೆಲ್ಲ ಸೈಕಿಯಾ, ‘ನನ್ನ ಪಿನ್ನು ಎಲ್ಲಿಟ್ಟೆಯೋ ಹುಬ್ಬಳ್ಳೀ?’ ಎಂದು ಹಿಂದಿಯಲ್ಲಿ ಚಾಷ್ಟಿ ಮಾಡಿ ಒಳಗೆ ಹೋಗುತ್ತಿದ್ದ.

ಯುದ್ಧದ ನಾಲ್ಕನೇ ದಿನ ಹೋದ ಆರು ವಿಮಾನಗಳಲ್ಲಿ ಐದು ಮರಳಿದವು. ಜೊತೆಗೆ ಹಾರಿದ್ದವರು ರೇಡಿಯೋದಲ್ಲಿ ಕೇಳಿದ್ದನ್ನು ಹೇಳಿದರು. ಬಾಂಬು ಹಾಕಿ ತಿರುಗಿದ ಮೇಲೆ ಕಾಂಗಾನ ವಿಮಾನಕ್ಕೆ ಬೆಂಕಿ ಹತ್ತಿತು. ಸೈಕಿಯಾನ ಬಾಗಿಲು ಜಾಮಾಗಿತ್ತು. ‘ನೀನು ಹಾರು’ ಎಂದು ತಂಡದ ಮುಂದಾಳು ಎರಡು ಸಲ ಅಪ್ಪಣೆ ಕೊಟ್ಟ. ‘ನಿರೋದ ಇನ್ನೂ ಒಳಗಿದ್ದಾನೆ’ ಎಂದಷ್ಟೇ ಕಾಂಗಾ ಹೇಳಿದ್ದು. ಆಮೇಲೆ ಏನೂ ಕೇಳಿಸಲಿಲ್ಲ.

ವಿಚಾರಣೆಯಲ್ಲಿ ಹೊಳೆಪ್ಪನನ್ನು ನಿಲ್ಲಿಸಿ, ಕುರ್ಚಿ ಸರಿಯಿತ್ತೇ ಎಂದು ಕೇಳಿದರು. ಸರಿಯಿತ್ತು, ಪಿನ್ನು ನಾನೇ ತೆಗೆದೆ ಎಂದ. ಅದು ನಿಜವೇ. ಆ ಮನುಷ್ಯ ಬದುಕಬಹುದಿತ್ತು, ಬದುಕಲಿಲ್ಲ ಎಂಬುದಕ್ಕೆ ತಾನೇ ಸಾಕ್ಷಿ ಎಂಬುದು ಐವತ್ತು ವರ್ಷವಾದರೂ ಅವನ ಎದೆಯಿಂದ ಇಳಿಯಲಿಲ್ಲ.

ಊರ ಶಾಲೆಯ ಮುಂದೆ ಮಾಜಿ ಸೈನಿಕರ ಹೆಸರಿನ ಕಲ್ಲು ನಿಲ್ಲಿಸುತ್ತಾರೆಂದು ತಿಳಿದಾಗ ಅವನು ಪಂಚಾಯ್ತಿಗೆ ಹೋದ. ತನ್ನ ಹೆಸರು ಬೇಡ, ಯುದ್ಧದಲ್ಲಿ ಸತ್ತ ತನ್ನ ಇಬ್ಬರು ಸಾಹೇಬರದು ಬರೆಸಿ ಎಂದಷ್ಟೇ ಹೇಳಿದ. ಅಧ್ಯಕ್ಷೆ ಮಹಾಲಕ್ಷ್ಮಿ ಒಪ್ಪಿದಳು.

‘ಕಾಕಾ, ಅವ್ರು ನಮ್ಮೂರವ್ರಲ್ಲ ಖರೆ. ಆದ್ರ ನೀವು ನಮ್ಮೂರವ್ರ ಅದೀರಲ್ಲ. ಹೆಸರು ಬರ್ದು ಕೊಡ್ರಿ, ಹಾಕ್ಸೂಣು.’

ಅಲ್ಲೇ ಬಾಯಲ್ಲಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹೊಳೆಪ್ಪ ಬಿಳಿ ಹಾಳೆ ತಂದು, ಚೆಂದಾಗಿ ಬರೆದು ಕೊಡುತ್ತೇನೆಂದು ಮನೆಯಲ್ಲಿ ಕೂತ. ಯಾರ ಹೆಸರು ಮೊದಲು ಬರೆಯಬೇಕೆಂಬುದೇ ಬಗೆಹರಿಯಲಿಲ್ಲ. ಹುದ್ದೆಯಲ್ಲಿ ಕಾಂಗಾ ದೊಡ್ಡವನು. ಆದರೆ ಸೈಕಿಯಾನನ್ನು ಎರಡನೆಯವನಾಗಿ ಇಡಲು ಮನಸ್ಸು ಒಪ್ಪದು. ನಾಲ್ಕು ದಿನ ಕಳೆದವು. ಐದನೆಯ ದಿನ ಮುಂಜಾನೆ, ಹೆಸರುಕಾಳು ಬಿತ್ತಲು ಕೂರಿಗೆ ಹೊಲಕ್ಕೆ ಹೊರಟ ಹೊತ್ತಿಗೆ, ಅವನಿಗೆ ಲಕ್ವಾ ಹೊಡೆಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇಟ್ಟುಕೊಂಡು ಕಳಿಸಿದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಹಾಳೆಯ ಮೇಲೆ ಎಡಗೈ ಎಳೆದದ್ದು ಬರೀ ಗೀಟು. ಕೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಬೇಕಾದದ್ದೆಲ್ಲ ತಲೆಯೊಳಗೆ ಸಾಲಾಗಿ ನಿಂತಿರುತ್ತಿತ್ತು. ಬಾಯಿ ತೆರೆದರೆ ಮಾತ್ರ ಒಂದೇ ಶಬ್ದ: ‘ಹೌದು.’ ಕತ್ತು ಕೂಡ ಬಾಯಿಯ ಹಿಂದೆಯೇ ಹೋಗಿ ಹೌದೆಂದು ಅಲ್ಲಾಡುತ್ತಿತ್ತು.

‘ಉಣ್ತಿ ಏನಪಾ?’ ಎಂದು ಮಗ ಈರೇಶ ಕೇಳಿದರೆ, ‘ಹೌದು.’ ಬಸ್ಸಿನ ಡ್ರೈವರಿಕೆ ಮಾಡುವ ಈರೇಶ ಡ್ಯೂಟಿ ಮುಗಿಸಿ ಬಂದ ಕೂಡಲೇ ಹೀಗೆ ನಾಲ್ಕು ಮಾತು ಕೇಳಿ, ಅಪ್ಪ ಉತ್ತರ ಕೊಡುತ್ತಾನೆಂದು ಹಿಗ್ಗುತ್ತಿದ್ದ. ನೋವದ ಏನ್ರಿ ಅಂದರೂ ಹೌದು, ನೋವಿಲ್ಲೇನ್ರಿ ಅಂದರೂ ಹೌದು ಎನ್ನುವುದು ಮಹಾನಂದಾಳಿಗೆ ಮೊದಲ ವಾರವೇ ಗೊತ್ತಾಗಿತ್ತು. ಮಗನ ಹಿಗ್ಗು ಇಳಿದೀತೆಂದು ಅವಳು ಬಾಯಿ ಬಿಡಲಿಲ್ಲ.

ಜುಲೈ ಕೊನೆಗೆ ಬಮ್ಮಿಗಟ್ಟಿಯಲ್ಲಿ ಅವಳ ಅಕ್ಕ ತೀರಿಕೊಂಡಳು. ಮಹಾನಂದಾ ಅಲ್ಲಿದ್ದ ನಾಲ್ಕು ದಿನದಲ್ಲೇ ಪಂಚಾಯ್ತಿಯಿಂದ ಫೋನು ಬಂತು: ಕಲ್ಲು ಕೆತ್ತುವವನು ಆ ಇಬ್ಬರು ಸಾಹೇಬರ ಹೆಸರಿಗಾಗಿ ಕಾಯುತ್ತಿದ್ದಾನೆ. ಈರೇಶನಿಗೆ ಕಾಂಗಾ ಎಂಬ ಒಂದು ಹೆಸರು ಅವ್ವನ ಬಾಯಿಂದ ಕೇಳಿ ಗೊತ್ತಿತ್ತು. ಸಾವಿನ ಮನೆಯಲ್ಲಿದ್ದ ಅವ್ವನನ್ನು ಕೇಳಲು ಮನಸ್ಸಾಗದೆ, ಮೊಬೈಲಿನಲ್ಲಿ ಹುಡುಕಿ, ಯಾರೋ ನಿವೃತ್ತ ಅಧಿಕಾರಿ ಬರೆದಿಟ್ಟ ಪಟ್ಟಿ ತೆಗೆದ. ಆ ಯುದ್ಧದಲ್ಲಿ ಸತ್ತ ಪೈಲಟ್‌ಗಳದೇ ಒಂದು ಪಟ್ಟಿ, ನ್ಯಾವಿಗೇಟರ್‌ಗಳದೇ ಒಂದು. ಯಾರು ಯಾರ ವಿಮಾನದಲ್ಲಿದ್ದರೆಂದು ಇರಲಿಲ್ಲ. ಪೈಲಟ್‌ಗಳಲ್ಲಿ ಕಾಂಗಾ ಸಿಕ್ಕ, ಇನ್ನೊಬ್ಬ ನ್ಯಾವಿಗೇಟರೇ ಇರಬೇಕು. ಎರಡನೆಯ ಪಟ್ಟಿಯ ಮೊದಲ ಹೆಸರು ಓದಿದ.

‘ಯಪ್ಪಾ, ಎ. ಕೆ. ದತ್ತಗುಪ್ತ. ಇವ್ರ ಏನು?’

ಅಲ್ಲ ಎಂದು ಹೊಳೆಪ್ಪನ ಒಳಗೆಲ್ಲ ಕೂಗಿತು. ‘ಹೌದು’ ಎಂದಿತು ಬಾಯಿ.

‘ಖರೇನ? ಇವ್ರ ಹೌದಲ್ಲ?’

‘ಹೌದು. ಹೌದು. ಹೌದು.’ ಹೊಳೆಪ್ಪ ಎಡಗೈಯಿಂದ ಮೊಬೈಲು ಹಿಡಿದು ಎಳೆದ, ಕೆಳಗೆ, ಇನ್ನೂ ಕೆಳಗೆ ಓದು ಎಂದು. ಅಪ್ಪನಿಗೆ ಆ ಹೆಸರು ಮುಟ್ಟಬೇಕೆನಿಸಿದೆ ಎಂದುಕೊಂಡ ಈರೇಶ, ಅದನ್ನೇ ದೊಡ್ಡದು ಮಾಡಿ ತೋರಿಸಿದ. ಅಪ್ಪನ ಕಣ್ಣೀರು ಒರೆಸಿ, ಎರಡೂ ಹೆಸರನ್ನು ಪಂಚಾಯ್ತಿಗೆ ಕಳಿಸಿ, ಡ್ಯೂಟಿಗೆ ಹೋದ.

ಆಗಸ್ಟ್ ಹದಿನೈದರಂದು ಹೊಳೆಪ್ಪನನ್ನು ಗಾಲಿ ಕುರ್ಚಿಯಲ್ಲಿ ಶಾಲೆಯ ಮುಂದೆ ತಂದರು. ಕಲ್ಲಿನ ಮೇಲಿನ ಬಟ್ಟೆಯನ್ನು ಅವನ ಎಡಗೈಯಿಂದಲೇ ಎಳೆಸಿದರು. ಮಹಾಲಕ್ಷ್ಮಿ ಮೈಕಿನಲ್ಲಿ ಹೆಸರು ಓದುತ್ತ ಕೊನೆಯ ಎರಡು ಸಾಲಿಗೆ ಬಂದಾಗ ಮಹಾನಂದಾ ಎದ್ದು ನಿಂತಳು.

‘ಏ ಈರೇಶಾ, ಇದು ಅಲ್ಲೋ! ಸೈಕಲ್ ಅಂದಾಂಗ ಏನೋ ಇತ್ತು ಆ ಸಾಹೇಬ್ರ ಹೆಸರು. ಸೈಕಲ್ ಸಾಹೇಬ್ರೇನ್ರಿ ಅಂತ ಕೇಳಿ ನಾ ಬೈಸಿಕೊಂಡೀನಿ.’

ಮಕ್ಕಳು ಕಿಸಕ್ಕನೆ ನಕ್ಕವು. ಮಹಾಲಕ್ಷ್ಮಿ ಕೆಳಗಿಳಿದು ಬಂದು, ಹೊಳೆಪ್ಪನ ಮುಂದೆ ಬಗ್ಗಿ ಕೇಳಿದಳು. ‘ಕಾಕಾ, ಹೆಸರು ಬರೋಬರಿ ಅದ ಅಲ್ರಿ?’

ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡರೆ ಆದೀತೆಂದು ಹೊಳೆಪ್ಪ ನೋಡಿದ. ಆದರೂ ಆ ಶಬ್ದ ಹೊರಬಿತ್ತು. ಜನ ಚಪ್ಪಾಳೆ ತಟ್ಟಿದರು. ಅವನು ಅಳುತ್ತಿದ್ದ ಫೋಟೋ ಸಂಜೆಯೊಳಗೆ ಊರವರ ಮೊಬೈಲಿಗೆಲ್ಲ ಹೋಯಿತು.

ಮನೆಗೆ ಬಂದ ಮೇಲೆ ಮಹಾನಂದಾ ಮಗನಿಗೆ ಆ ಹೌದಿನ ಗುಟ್ಟನ್ನೆಲ್ಲ ಬಿಡಿಸಿ ಹೇಳಿದಳು. ಈರೇಶ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ಆಮೇಲೆ ಪಟ್ಟಿ ತೆಗೆದು ಮೊದಲಿಂದ ಓದಿದ. ಅವಳು ಗಂಡನ ಮಾತು ಕೇಳದೆ ಅವನ ಎಡಗೈಯನ್ನೇ ನೋಡುತ್ತ ಕೂತಳು. ಹೆಸರಿಗೊಂದು ಹೌದು ಬರುತ್ತಲೇ ಇತ್ತು. ‘ನಿರೋದ ಸೈಕಿಯಾ’ ಎಂದಾಗ ಆ ಕೈ ಮಂಚದ ಅಂಚನ್ನು ಹಿಡಿದದ್ದು ಬಿಡಲಿಲ್ಲ.

ಮರುದಿನ ತಾಯಿ ಮಗ ಇಬ್ಬರೂ ಅಧ್ಯಕ್ಷೆಯ ಮನೆಗೆ ಹೋದರು. ಮಹಾಲಕ್ಷ್ಮಿ ಪೂರ್ತಿ ಕೇಳಿಸಿಕೊಂಡಳು.

‘ಕೆಳಗ ಸೇರಸೂಣು ಅಂದ್ರ ಜಾಗಾ ಇಲ್ಲ ಕಾಕೂ. ಇದನ್ನ ತಗದು ಅದನ್ನ ಬರಸಬೇಕು. ಆದ್ರ ಈ ದತ್ತಗುಪ್ತ ಅನ್ನಾವ್ರೂ ಹಂಗ ಹೋದಾವ್ರ ಅಲ್ರಿ? ಪೂಜಿ ಮಾಡಿ ನಿಲ್ಲಿಸಿದ ಕಲ್ಲಿಂದ ಸತ್ತವ್ರ ಹೆಸರು ಉಳಿ ಹಚ್ಚಿ ತಗೀರಿ ಅಂತ ನಾ ಹ್ಯಾಂಗ ಹೇಳ್ಲಿ? ನೀವ ಹೇಳ್ರಿ, ಮಾಡ್ತೀನಿ.’

 ಅವಳು ಕೊಟ್ಟ ಚಹಾ ಕುಡಿದು ತಾಯಿ ಮಗ ಎದ್ದು ಬಂದರು.

ನಡೆದದ್ದನ್ನು ಅವಳು ಹೇಳುವಾಗ ಹೊಳೆಪ್ಪ ಕಣ್ಣು ಮುಚ್ಚಿಕೊಂಡಿದ್ದ. ದತ್ತಗುಪ್ತನ ಮುಖವನ್ನು ಅವನು ಕಂಡವನಲ್ಲ. ಅವನೂ ಯಾವುದೋ ವಿಮಾನದ ಮೂತಿಯೊಳಗೆ ತೂರಿಕೊಂಡು ಹೋದವನೇ. ಅವನನ್ನು ಅಳಿಸಿರಿ ಎನ್ನಲು ಹೊಳೆಪ್ಪನಿಗೂ ಮನಸ್ಸು ಬರಲಿಲ್ಲ. ಆದರೆ ಯಾರನ್ನು ಬಿಟ್ಟು ಹಾರಲಾರೆನೆಂದು ಕಾಂಗಾ ಸತ್ತನೋ, ಅವನ ಹೆಸರೇ ಕಾಂಗಾನ ಪಕ್ಕದಲ್ಲಿಲ್ಲ. ಇದನ್ನು ಯಾರ ಮುಂದಾದರೂ ಬಿಚ್ಚಿ ಹೇಳಿಕೊಳ್ಳೋಣವೆಂದರೆ ಬಾಯಿಲ್ಲ.

ಕಲ್ಲು ಹಾಗೆಯೇ ಇದೆ. ಮಹಾನಂದಾ ದಿನಾ ಮಧ್ಯಾಹ್ನ ಊಟವಾದ ಮೇಲೆ ಮಂಚದ ಬಾಜು ಕೂತು, ‘ನಿ, ರೋ, ದ. ಅನ್ರಿ ನೋಡೂಣು’ ಎಂದು ಬಿಡಿಸಿ ಬಿಡಿಸಿ ಹೇಳಿಕೊಡುತ್ತಾಳೆ. ಹೊಳೆಪ್ಪ ಅವಳ ತುಟಿಗಳನ್ನೇ ನೋಡುತ್ತ ತನ್ನ ತುಟಿ ಕೂಡಿಸುತ್ತಾನೆ. ಹೊರಗೆ ಬರುವುದು ಮಾತ್ರ ಅದೇ ಶಬ್ದ. ಮೊನ್ನೆ ಅವನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ಅವಳು ಇನ್ನೊಮ್ಮೆ ಹೇಳಿದಳು. ಅವನು ತಿರುಗಲಿಲ್ಲ.