ಬೆನ್ನ ಹಿಂದಿನ ಚುಕ್ಕೆ

ಆ ರವಿವಾರ ಬೆಳಿಗ್ಗೆ ಅಂಗಳದಲ್ಲಿ ನಾವು ಮೂವರಿದ್ದೆವು. ಸೈಕಲ್ಲಿನ ಸೀಟಿನ ಕೆಳಗೆ ಬಗ್ಗಿ ಏನೋ ಬಿಗಿಯುತ್ತಿದ್ದ ಅಣ್ಣ, ಚಹಾ ಹಿಡಿದು ನಿಂತ ಅವನ ಹೆಂಡತಿ, ಅಂದರೆ ನನ್ನ ವೈನಿ, ಮತ್ತು ಕೂತಲ್ಲಿ ಕೂರಲಾಗದೆ ಬಾಗಿಲಿಗೂ ಗೇಟಿಗೂ ಅಡ್ಡಾಡುತ್ತಿದ್ದ ನಾನು.

ಅಣ್ಣ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿದು ದುಡಿದು ಕಿವಿ ಕಳೆದುಕೊಂಡವ. ಕಿವಿಗೆ ಮಷೀನು ಹಾಕಿಸಿದ್ದೇನೋ ಖರೆ, ಸೈಕಲ್ ಏರಿದರೆ ಅದರೊಳಗೆ ಬರೀ ಗಾಳಿಯ ಸದ್ದು. ಒಮ್ಮೆ ಹಿಂದಿನ ಬಸ್ಸಿನ ಹಾರ್ನ್ ಕೇಳದೆ ಸ್ವಲ್ಪದರಲ್ಲಿ ಉಳಿದುಕೊಂಡ. ಅಂದಿನಿಂದ ವೈನಿ ಸೈಕಲ್ಲಿಗೆ ಕೀಲಿ ಜಡಿದಿದ್ದರು. ಅವನ ಚಡಪಡಿಕೆ ನೋಡಲಾರದೆ ಖಾನಾಪುರದ ಅಳಿಯ ರಾಡಾರ್ ಇರುವ ಕೆಂಪು ದೀಪ ತಂದುಕೊಟ್ಟ. ಸೀಟಿನ ಕೆಳಗೆ ಅದನ್ನು ಕಟ್ಟಿದರೆ ಸಾಕು, ಹಿಂದೆ ಗಾಡಿ ಬಂದಾಗ ಹ್ಯಾಂಡಲ್ಲಿನ ಪುಟ್ಟ ಪರದೆಯ ಮೇಲೆ ಚುಕ್ಕೆಯೊಂದು ಕೆಳಗಿನಿಂದ ಏರುತ್ತದೆ, ಮಣಿಕಟ್ಟಿನ ಗಡಿಯಾರ ಝುಮ್ ಅನ್ನುತ್ತದೆ.

"ಇವತ್ತ ಖಾನಾಪುರಕ್ಕ ಮಗಳ ಮನಿ ಸುಖರೂಪ ಮುಟ್ಟಿದ್ರ ಸೈಕಲ್ ಇರತೈತಿ, ಇಲ್ಲಂದ್ರ ಗುಜರಿಗೆ," ಅಂದರು ವೈನಿ. ನನ್ನ ಕಡೆ ತಿರುಗಿ, "ನೀವು ಹಿಂದ ಹೋಗಿ ನೋಡಿ ಬರ್ರಿ. ಅಣ್ಣನ ಪರವಾಗಿ ಸುಳ್ಳ ಹೇಳಬ್ಯಾಡ್ರಿ ಮತ್ತ."

"ಗುಜರಿಯವ ನನ್ನೂ ತೂಕಕ್ಕ ಹಾಕ್ಕೋತಾನೇನ ಕೇಳ," ಅಂದ ಅಣ್ಣ.

ಹೊರಟೆವು, ಅಣ್ಣ ಮುಂದೆ, ನನ್ನ ಸೈಕಲ್ ಮೇಲೆ ನಾನು ಹಿಂದೆ. ಮೊದಲೆಲ್ಲ ಅಣ್ಣ ಸೈಕಲ್ ಮೇಲೆ ಗುನುಗುತ್ತಿದ್ದ. ಅವತ್ತು ಗುನುಗಲಿಲ್ಲ. ಪೀರನವಾಡಿ ದಾಟುವವರೆಗೆ ಪರದೆ ತುಂಬ ಚುಕ್ಕೆ. ಒಂದೊಂದು ಚುಕ್ಕೆಗೂ ಬೆಚ್ಚಿ ಎಡಕ್ಕೆ ಸರಿಯುತ್ತಿದ್ದ, ಗಡಿಯಾರ ಝುಮ್ ಎಂದರೆ ಹೆಗಲು ಕುಗ್ಗಿಸುತ್ತಿದ್ದ. ಹಿಂದಿದ್ದ ನನಗೂ ಬ್ರೇಕಿನ ಮೇಲಿಂದ ಬೆರಳು ತೆಗೆಯಲಾಗಲಿಲ್ಲ.

ದೇಸೂರ ಹತ್ತಿರದ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ನನ್ನನ್ನು ದಾಟಿ ಅಣ್ಣನ ಬೆನ್ನಿಗೆ ಹೋಯಿತು. ಆಮೇಲೆ ನನಗೆ ಕಂಡದ್ದು ಬರೀ ಕಬ್ಬು. ಹಾರ್ನ್ ಕೇಳಿತು, ಮತ್ತೆ ಕೇಳಿತು. ಟ್ರ್ಯಾಕ್ಟರು ಅಣ್ಣನನ್ನು ದಾಟಲೊಲ್ಲದು, ನಿಲ್ಲಲೊಲ್ಲದು. ಒಮ್ಮೆಲೇ ಬ್ರೇಕ್ ಕಿರುಗುಟ್ಟಿತು. ಸೈಕಲ್ ಅಲ್ಲೇ ಚೆಲ್ಲಿ ಓಡಿದೆ.

ಅಣ್ಣ ರಸ್ತೆಯ ನಡುವೆ ನಿಂತಿದ್ದ. ಅವನ ಸೈಕಲ್ಲಿನ ಹಿಂದಿನ ಗಾಲಿಗೂ ಟ್ರ್ಯಾಕ್ಟರಿನ ಮೂತಿಗೂ ಒಂದು ಗೇಣು ಅಂತರ. ಅಂಚಿನ ತೆಗ್ಗು ತಪ್ಪಿಸಲು ನಡುವಿಗೆ ಬಂದಿದ್ದನಂತೆ.

"ಕಾಕಾ, ವಯಸ್ಸಾದವರು ಅಂತ ಮರ್ಯಾದಿ ಕೊಟ್ಟು ಸಾವಕಾಶ ಹಿಂದ ಬಂದ್ರ, ನನ್ನ ಜೈಲಿಗೆ ಕಳಸ್ತೀರಲ್ರೀ!" ಡ್ರೈವರ್ ಇಳಿದು ಬಂದ.

ಅಣ್ಣ ಪರದೆ ತೋರಿಸಿದ. "ಯಾರೂ ಇಲ್ಲ ಅಂತೈತಿ ನೋಡಪಾ."

"ಇಷ್ಟ ದೊಡ್ಡ ಟ್ರ್ಯಾಕ್ಟರ್ ಕಾಣಂಗಿಲ್ಲಂದ್ರ ಮೊದಲ ಅದಕ್ಕ ಚಷ್ಮಾ ಹಾಕಸ್ರಿ!"

ಅಳಿಯನಿಗೆ ಫೋನ್ ಹಚ್ಚಿದೆ. "ನಿಮಗಿಂತ ಜೋರ್ ಬರೋದನ್ನ ಅಷ್ಟ ಅದು ಹಿಡಿತೈತ್ರೀ. ನಿಮ್ಮಷ್ಟ ಸಾವಕಾಶ ಹಿಂದ ಬಂದ್ರ ಚುಕ್ಕಿ ಅಳಸಿ ಹೋಗತೈತಿ," ಅಂದ. ಅಣ್ಣನಿಗೆ ಕೇಳುವ ಹಾಗೆ ನಾನು ಅದನ್ನೇ ಕೂಗಿ ಹೇಳಿದೆ. ಅವನು ಸೈಕಲ್ಲನ್ನು ಬೆಳಗಾವಿ ಕಡೆ ತಿರುಗಿಸಿದ.

ಮನೆಗೆ ಬಂದವನು ಕೂರಲಿಲ್ಲ. ವೈನಿ ನನ್ನ ಮುಖ ನೋಡುವುದರೊಳಗೆ ತಾನೇ ನಿಂತುಕೊಂಡು ಟ್ರ್ಯಾಕ್ಟರು, ಗೇಣು, ಡ್ರೈವರನ ಬೈಗುಳ, ಎಲ್ಲ ಹೇಳಿಬಿಟ್ಟ. "ನಾಳಿ ಗುಜರಿಯವನ್ನ ಕರೀ," ಅಂತ ಹಿತ್ತಲಿಗೆ ಹೋದ. ವೈನಿ ಕರೆಯಲಿಲ್ಲ. ವಾರವಿಡೀ ಆ ಮಾತೂ ಎತ್ತಲಿಲ್ಲ. ಅಣ್ಣ ಮಾತ್ರ ರಾತ್ರಿ ಊಟಕ್ಕೆ ಕೂತರೂ ಕಾಲು ಅಲ್ಲಾಡಿಸುತ್ತಲೇ ಇದ್ದ.

ಮುಂದಿನ ರವಿವಾರ ವೈನಿ ಹೆಲ್ಮೆಟ್ ಹಾಕಿಕೊಂಡು ಸ್ಕೂಟಿ ಹೊರಗೆ ತೆಗೆದರು. "ನಿಮ್ಮಷ್ಟ ಸಾವಕಾಶ ಹಿಂದ ನಾ ಬರತೀನಿ. ಆ ಪರದ್ಯಾಗ ನಾ ಕಾಣಂಗಿಲ್ಲ, ಆಗಾಗ ಹೊಳ್ಳಿ ನೋಡ್ರಿ," ಅಂದರು ಅಣ್ಣನ ಕಿವಿಯ ಹತ್ತಿರ.

ಹತ್ತು ಗಂಟೆಯ ಸುಮಾರಿಗೆ ಖಾನಾಪುರದಿಂದ ಅಣ್ಣನ ಮಗಳ ಫೋನ್ ಬಂತು. ಇಬ್ಬರೂ ಮುಟ್ಟಿದ್ದರು, ಉಪ್ಪಿಟ್ಟು ತಿನ್ನುತ್ತಿದ್ದರು.