ಹಲ್ಲುಪುಡಿಯ ಮೇಲಿನ ವಿಭೂತಿ

ಗಂಡನ ಹೆಸರು ಬಾಯಿಂದ ಹೇಳಬಾರದು ಎನ್ನುತ್ತಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಆದ್ದರಿಂದ ಒಂದು ಸಲ ಬರೆದುಬಿಡುತ್ತೇನೆ: ಕಾಶಪ್ಪ. ವಿಜಾಪುರದ ಇಂಡಿ ಕಡೆಯವರು, ಮುಂಬಯಿಯ ಮುಲುಂಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ದೇವರು ಇವರಿಗೆ ಕೊಟ್ಟ ಆಸ್ತಿ ಎಂದರೆ ಗಂಟಲು. ಇವರು ಸ್ಟೇಷನ್ನಿನಲ್ಲಿ ಕೆಮ್ಮಿದರೆ ನಾನು ಚಾಳಿನಲ್ಲಿ ಚಹಾಕ್ಕೆ ನೀರಿಡುತ್ತಿದ್ದೆ.

ಆ ಗಂಟಲಿನಿಂದಲೇ ಇವರು ಚಾಳಿಗೆಲ್ಲ ಪೇಪರು ಓದುವವರಾದರು. ಸ್ಟೇಷನ್ ಎದುರಿನ ಉಡುಪಿ ಹೋಟೆಲಿಗೆ ಹುಬ್ಬಳ್ಳಿಯಿಂದ ಕನ್ನಡ ಪತ್ರಿಕೆ ಬರುತ್ತಿತ್ತು, ಒಂದು ದಿನ ತಡವಾಗಿ. ಗಿರಾಕಿಗಳೆಲ್ಲ ಓದಿ, ಅದರ ಮೇಲೆ ಸಾಂಬಾರು ಚೆಲ್ಲಿದ ಮೇಲೆ, ಸಂಜೆ ಕೆಲಸ ಬಿಟ್ಟು ಬರುವಾಗ ಇವರು ಕಂಕುಳಲ್ಲಿ ಇಟ್ಟುಕೊಂಡು ತರುತ್ತಿದ್ದರು. ಖೋಲಿಗೊಂದು ಸಂಸಾರವಿದ್ದ ನಮ್ಮ ಚಾಳಿನಲ್ಲಿ ವಿಜಾಪುರ, ಬೆಳಗಾವಿ ಕಡೆಯ ಮನೆಗಳು ಏಳೆಂಟು ಇದ್ದವು. ಕಟ್ಟಡದ ಕೆಲಸದವರೇ ಹೆಚ್ಚು, ಓದು ಬಂದವರು ಕಡಿಮೆ. ನಾನು ನಾಲ್ಕನೆಯ ಇಯತ್ತೆ ಪಾಸಾದವಳು, ನನಗೂ ಓದು ಬರುತ್ತದೆ. ಆದರೆ ನನ್ನನ್ನು ಕೇಳುವವರು ಯಾರು? ನಾನು ಓದಿದರೆ ಅದು ಬರೀ ಸುದ್ದಿ, ಇವರು ಓದಿದರೆ ನಾಟಕ!

ಇವರದೊಂದು ಹಟವಿತ್ತು. ಕನ್ನಡ ಪೇಪರಿನಲ್ಲಿ ಬರುವ ತನಕ ಯಾವುದೂ ನಡೆದೇ ಇಲ್ಲ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಪಕ್ಕದ ಖೋಲಿಯ ಶೀಲಾವತಿಬಾಯಿ ಮರಾಠಿ ಪೇಪರು ಹಿಡಿದು ಓಡಿಬಂದಳು. ಇವರು ಕೈ ಅಡ್ಡ ಮಾಡಿದರು.

"ತಡೀರಿ ಬಾಯಿ. ನಮ್ಮ ಪೇಪರ್ ನಾಳಿ ಬರತೈತಿ. ಯುದ್ಧ ಖರೇ ಏನು ಸುಳ್ಳ ಏನು ಆವಾಗ ನೋಡೂಣು."

ಹೊರಗೆ ಸೈರನ್ ಬಡಿದುಕೊಳ್ಳುತ್ತಿತ್ತು. ಇಂಥ ಗಂಡನನ್ನು ಕಟ್ಟಿಕೊಂಡು ನಾನು ಬಾಳುವೆ ಮಾಡಿದ್ದೇನೆ.

ದೀಪ ಹೊರಗೆ ಕಾಣಬಾರದು ಎಂದು ಸರ್ಕಾರದ ಹುಕುಂ. ಉಳ್ಳವರು ಕಂದು ಕಾಗದ ತಂದು ಕಿಟಕಿಗೆ ಹಚ್ಚಿದರು, ನಾವು ಹಳೆಯ ಪೇಪರು ಹಚ್ಚಿದೆವು. ಸಂಜೆಯಾಯಿತೆಂದರೆ ನಮ್ಮ ಖೋಲಿಯಲ್ಲಿ ಎಲ್ಲರೂ ಸೇರಿ, ಬಾಗಿಲು ಮುಚ್ಚಿ, ಬಟ್ಟೆ ಸುತ್ತಿದ ಬಲ್ಬಿನ ಕೆಳಗೆ ಕೂರುತ್ತಿದ್ದರು. ಆಗಿನ ಮುಖಪುಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ "ಜೆಸ್ಸೋರ್ ನಮ್ಮ ವಶ." ಅದರ ಕೆಳಗೆ ನಕಾಶೆ, ನಕಾಶೆಯ ತುಂಬ ಬಾಣದ ಗುರುತು. ಶತ್ರುವಿನ ವಿಮಾನಗಳು ದಿನಾಲೂ ಬೀಳುತ್ತಿದ್ದವು. "ಅವರೇನು ವಿಮಾನದ ಬೆಳಿ ಬೆಳೀತಾರೇನ್ರಿ, ಎಷ್ಟ ಬಿದ್ದರೂ ಮುಗೀವಲ್ಲವು" ಎಂದು ನಾನು ಒಲೆಯ ಮುಂದಿನಿಂದ ಕೇಳಿದರೆ ಇವರು ಸಿಟ್ಟಿಗೇಳುತ್ತಿದ್ದರು. ಯುದ್ಧದ ಕೆಳಗೆ ಗದಗಿನ ಹತ್ತಿರ ಲಾರಿ ಮಗುಚಿದ್ದು, ಉಳ್ಳಾಗಡ್ಡಿಯ ಧಾರಣಿ, ಮೂಲೆಯಲ್ಲಿ ಚೌಕಟ್ಟು ಹಾಕಿದ ಹಲ್ಲುಪುಡಿಯ ಜಾಹೀರಾತು. ಯುದ್ಧ ಬಂತೆಂದು ಜನ ಹಲ್ಲು ತಿಕ್ಕುವುದು ಬಿಡುತ್ತಾರೆಯೇ? "ನಮ್ಮ ಕಡೆ ಅಲ್ಪ ಹಾನಿ" ಎಂಬ ಮಾತು ಮಾತ್ರ ಕಂಡೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಯಾರ ಹೆಸರೂ ಇಲ್ಲ.

ಆ ಒಂದು ಮಾತಿಗಾಗಿಯೇ ಕಾದು ಕೂರುತ್ತಿದ್ದವಳು ಬಸಲಿಂಗವ್ವ. ಗಂಡ ಸತ್ತ ಮೇಲೆ ಚಾಳಿನ ಕೊನೆಯ ಖೋಲಿಯಲ್ಲಿ ಖಾನಾವಳಿ ನಡೆಸಿ, ಕೂಲಿಯವರಿಗೆ ರೊಟ್ಟಿ ಬಡಿದು ಹಾಕಿ ಮಗನನ್ನು ಬೆಳೆಸಿದವಳು. ಒಬ್ಬನೇ ಮಗ, ಮುರಿಗೆಪ್ಪ. ಸೈನ್ಯ ಸೇರಿದ್ದ. ಪೂರ್ವಕ್ಕೆ ಹೋಗಿದ್ದಾನೆ ಎಂಬುದಷ್ಟೇ ಗೊತ್ತು. ಯುದ್ಧ ಶುರುವಾದಾಗಿನಿಂದ ಒಂದು ಕಾಗದವಿಲ್ಲ. ಊರಿಗೆಲ್ಲ ಉಣ್ಣಲು ಹಾಕುವ ಹೆಂಗಸು, ತಾನು ಮಾತ್ರ ತುತ್ತು ಎತ್ತಲೊಲ್ಲಳು. ಬರೀ ಕರಿ ಚಹಾ. ಮುಖ ಸುಟ್ಟ ಬದನೆಕಾಯಿಯ ಹಾಗೆ ಸೊರಗಿತ್ತು.

ಒಂದು ಸಂಜೆ ಇವರು ದೊಡ್ಡ ಅಕ್ಷರ ಓದಿ ಮುಗಿಸಿ, ಹಾನಿಯ ಸಾಲನ್ನು ಎಂದಿನಂತೆ ಬಾಯಲ್ಲೇ ಗೊಣಗಿ ಮುಗಿಸಿದರು. ಬಸಲಿಂಗವ್ವ ಬಿಡಲಿಲ್ಲ.

"ಕಾಶಣ್ಣಾ, ಊರ ಗೆದ್ದಿದ್ದು ಬ್ಯಾಡ ನನಗ. ನಮ್ಮ ಹುಡುಗೂರದು ಏನ್ ಬರದಾರ, ಅದನ್ನ ಓದು."

ಇವರು ಅವಳ ಮುಖ ನೋಡಿದರು. ಪೇಪರು ಮೇಲೆತ್ತಿದರು. ಗಂಟಲು ಸರಿಮಾಡಿಕೊಂಡು ಓದಿದರು: "ವಿಜಾಪುರ ಜಿಲ್ಲೆಯ ಜವಾನರು ಕ್ಷೇಮವಾಗಿದ್ದಾರೆ. ಅವರಿಗೆ ಎರಡು ಹೊತ್ತು ಬಿಸಿ ಊಟ ದೊರೆಯುತ್ತಿದೆ. ಮನೆಯವರು ಚಿಂತಿಸಬಾರದೆಂದು ತಿಳಿಸಿದ್ದಾರೆ."

ಅಕ್ಷರ ಬಾರದ ಬಸಲಿಂಗವ್ವ ಎದ್ದು ಬಂದಳು. "ಎಲ್ಲೈತಿ? ತೋರಸು." ಗಾಬರಿಯಲ್ಲಿ ಇವರ ಬೆರಳು ಹೋಗಿ ಕುಂತದ್ದು ಮೂಲೆಯ ಚೌಕಟ್ಟಿನ ಮೇಲೆ. "ಚೌಕಟ್ಟ ಹಾಕಿ ಬರದಾರ ನೋಡು, ಎಷ್ಟ ಮರ್ಯಾದಿ!" ಎಂದು ಅವಳು ಆ ಹಾಳೆಯನ್ನೇ ಕೇಳಿ ಇಸಿದುಕೊಂಡು ಹೋದಳು. ಜೋಳದ ಹಿಟ್ಟಿನ ಅಂಟು ಮಾಡಿ ತನ್ನ ಕಿಟಕಿಯ ಗಾಜಿಗೆ, ಅಕ್ಷರ ಒಳಗೆ ಕಾಣುವಂತೆ ಹಚ್ಚಿದಳು. ಚೌಕಟ್ಟಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಆಮೇಲೆ ಕುಂತು ಎರಡು ರೊಟ್ಟಿ ಉಂಡಳು.

ನಾನು ಅವಳ ಖೋಲಿಗೆ ಹೋಗಿ ನೋಡಿದೆ. ಹಲ್ಲುಪುಡಿ! ಅಯ್ಯ ನನ್ನ ಶಿವನೇ, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಗೆ ಬಂದು ಇವರ ಮೇಲೆ ಹರಿಹಾಯ್ದೆ.

"ಸುಳ್ಳ ಓದಾಕ ನಾಚಿಕಿ ಬರೂದಿಲ್ಲೇನು ನಿಮಗ? ಪೇಪರಿನ್ಯಾಗ ಎಲ್ಲೈತಿ ಅದು?"

"ಹಾಕಬೇಕಾಗಿತ್ತು. ಹಾಕಲಾರದ್ದು ಅವರ ತಪ್ಪು."

"ನಾಳಿ ಆ ಹುಡುಗಗ ಏನರ ಆಗಿ ತಂತಿ ಬಂದರ?"

ಇವರು ಚಷ್ಮಾ ತೆಗೆದು ಅಂಗಿಯ ತುದಿಗೆ ಒರೆಸಿದರು. "ಸಾವಿರ ಸುಳ್ಳ ಹೇಳಿ ಒಂದು ಮದಿವಿ ಮಾಡು ಅಂತಾರ, ಮಲ್ಲವ್ವಾ. ನಾ ಒಂದ ಸುಳ್ಳ ಹೇಳಿ ಒಂದು ಊಟಾ ಮಾಡಿಸೀನಿ."

ಮಾತಿನಲ್ಲಿ ಇವರನ್ನು ಗೆದ್ದವರಿಲ್ಲ. ಆದರೆ ನನಗೆ ನಿದ್ದೆ ಹತ್ತಲಿಲ್ಲ. ಹುಡುಗ ಹೋದನೆಂದು ತಿಳಿದ ದಿನ ಬಸಲಿಂಗವ್ವ ಯಾರ ಬಾಗಿಲಿಗೆ ಬಂದು ನಿಲ್ಲುತ್ತಾಳೆ? ನಮ್ಮ ಬಾಗಿಲಿಗೇ. ಆಮೇಲೆ ಈ ಗಂಟಲನ್ನು ಚಾಳಿನಲ್ಲಿ ಯಾರು ನಂಬುತ್ತಾರೆ?

ಒಂದು ಸುಳ್ಳು ಓದಿದ ಮೇಲೆ ದಿನಾ ಓದಬೇಕಾಯಿತು. ಜವಾನರು ಇವತ್ತು ಉಪ್ಪಿಟ್ಟು ತಿಂದರು. ಜವಾನರಿಗೆ ಉಣ್ಣೆಯ ಅಂಗಿ ಬಂತು. ಬಿಡುವಿನಲ್ಲಿ ಕಬಡ್ಡಿ ಆಡಿದರು. ಒಮ್ಮೆ ಹೋಳಿಗೆ ಬಡಿಸಿಬಿಟ್ಟರು, ಯುದ್ಧಭೂಮಿಯಲ್ಲಿ! ನಾನು ಲಟ್ಟಣಿಗೆ ತೋರಿಸಿದ ಮೇಲೆ ಮರುದಿನ ಅನ್ನ ಸಾರಿಗೆ ಇಳಿದರು.

ಯುದ್ಧ ಮುಗಿಯಿತು. ಶೀಲಾವತಿಬಾಯಿ ಪೇಢೆ ಹಂಚಿದಳು. ಇವರು ಕನ್ನಡ ಪೇಪರು ಬರುವವರೆಗೆ ಪೇಢೆಯನ್ನು ಡಬ್ಬಿಯಲ್ಲಿಟ್ಟು ಕಾದರು. ಮರುದಿನ "ಢಾಕಾದಲ್ಲಿ ಶರಣಾಗತಿ" ಎಂದು ಓದುತ್ತಾ ಓದುತ್ತಾ ಅತ್ತುಬಿಟ್ಟರು, ಆಮೇಲೆ ತಿಂದರು. ಚಾಳಿನವರೆಲ್ಲ ಕಿಟಕಿಯ ಕಾಗದ ಕಿತ್ತು ಬೆಳಕು ಬಿಟ್ಟುಕೊಂಡರು. ಬಸಲಿಂಗವ್ವ ಕೀಳಲಿಲ್ಲ. "ನನ್ನ ಮಗನ ಸುದ್ದಿ ಐತಿ ಅದರಾಗ. ಅವ ಬಂದು ತೆಗೀಲಿ" ಎಂದಳು. ಆ ಮಾತು ಕೇಳಿದಾಗಲೆಲ್ಲ ನಾನು ಅವಳ ಮುಖ ನೋಡದೆ ಕೊಡ ಎತ್ತಿಕೊಂಡು ನಳದ ಕಡೆ ಹೋಗುತ್ತಿದ್ದೆ. ಯುದ್ಧ ಮುಗಿದು ವಾರಗಳಾದರೂ ಕಾಗದ ಬಂದಿರಲಿಲ್ಲ. ಇವರು "ರೈಲು ಸಿಗದೆ ಜವಾನರು ತಡವಾಗುತ್ತಿದ್ದಾರೆ" ಎಂದು ಓದುತ್ತಲೇ ಇದ್ದರು. ಆದರೆ ಗಂಟಲು ಮೊದಲಿನ ಹಾಗಿರಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ, ಒಂದು ಐತವಾರ ಬೆಳಿಗ್ಗೆ, ಮುರಿಗೆಪ್ಪನೇ ಬಂದು ಚಾಳಿನ ಮೆಟ್ಟಿಲ ಬುಡದಲ್ಲಿ ನಿಂತ! ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿತ್ತು. ಪುಣೆಯ ದವಾಖಾನೆಯಲ್ಲಿದ್ದನಂತೆ, ಅವ್ವ ಹೆದರುತ್ತಾಳೆಂದು ಬರೆದಿರಲಿಲ್ಲ. "ಟ್ರಕ್ಕಿನಿಂದ ಇಳಿಯೂ ಮುಂದ ಜಾರಿ ಬಿದ್ದೆ" ಎಂದ. ಬಸಲಿಂಗವ್ವ ಮಗನ ಕೆನ್ನೆ ಸವರಿ ಸವರಿ ಅತ್ತಳು. ನಾನೂ ಅತ್ತೆ. ಅಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಖರೆ ಹೇಳುತ್ತೇನೆ.

ಆದರೆ ಅವಳು ಅಷ್ಟಕ್ಕೇ ಬಿಟ್ಟಾಳೆಯೇ? "ವಿಜಾಪುರ ಜಿಲ್ಲೆಯ ಜವಾನರು ಕ್ಷೇಮವಾಗಿದ್ದಾರೆ" ಎಂಬಲ್ಲಿಂದ ಹಿಡಿದು ಬಿಸಿ ಊಟ, ಉಣ್ಣೆ ಅಂಗಿ, ಕಬಡ್ಡಿ ಎಲ್ಲವನ್ನೂ ಅಕ್ಷರ ಬಿಡದೆ ಮಗನಿಗೆ ಒಪ್ಪಿಸಿದಳು. "ಎಲ್ಲಾ ಪೇಪರಿನ್ಯಾಗ ಬಂದಿತ್ತು. ಬಾ, ನೀನ ಓದು" ಎಂದು ಕಿಟಕಿಗೆ ಕರೆದಳು. ಖೋಲಿ ತುಂಬ ಜನ. ಇವರು ಮೆಲ್ಲಗೆ ಸಂಡಾಸಿನ ಡಬ್ಬಿ ಹಿಡಿದು ಹೊರಟಿದ್ದರು. ನಾನು ಅಂಗಿ ಹಿಡಿದು ಜಗ್ಗಿದೆ. ಮಾಡಿದ್ದುಣ್ಣೋ ಮಹಾರಾಯ, ಎಲ್ಲಿಗೆ ಓಡುತ್ತೀ?

ಮುರಿಗೆಪ್ಪ ಹಾಳೆಯ ಮುಂದೆ ನಿಂತ. ವಿಭೂತಿ ನೋಡಿದ, ಅದರ ಕೆಳಗಿನ ಹಲ್ಲುಪುಡಿ ನೋಡಿದ. ತಿರುಗಿ ನಮ್ಮವರನ್ನು ನೋಡಿದ. ಇವರು ನೆಲ ನೋಡುತ್ತಿದ್ದರು. ಹುಡುಗ ಮತ್ತೆ ಕಿಟಕಿಯ ಕಡೆ ತಿರುಗಿ, ಇವರದೇ ಧಾಟಿಯಲ್ಲಿ ಓದಲು ಶುರುಮಾಡಿದ.

"ವಿಜಾಪುರ ಜಿಲ್ಲೆಯ ಜವಾನರು ಕ್ಷೇಮವಾಗಿದ್ದಾರೆ. ಅವರಿಗೆ ಎರಡು ಹೊತ್ತು ಬಿಸಿ ಊಟ ದೊರೆಯುತ್ತಿದೆ."

ನನ್ನ ಹೋದ ಜೀವ ಬಂತು. ಅವನು ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಹಲ್ಲುಪುಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತ ಹೋದ.

"ಒಂದು ನದಿಯನ್ನು ದಾಟುವಾಗ ಒಬ್ಬ ಜವಾನನ ಕೈಗೆ ಗುಂಡು ತಗುಲಿತು. ಅವನಿಗೆ ಈಜು ಬರುತ್ತಿರಲಿಲ್ಲ. ಜೊತೆಯವನು ಅವನನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ತಂದು ಹಾಕಿದನು. ಇನ್ನೊಬ್ಬನನ್ನು ತರಲು ಮತ್ತೆ ನೀರಿಗೆ ಇಳಿದನು. ಮರಳಿ ಬರಲಿಲ್ಲ."

ಬಸಲಿಂಗವ್ವ ಮಗನ ಕೊರಳಿನ ಬಟ್ಟೆಯನ್ನು ನೋಡುತ್ತಿದ್ದಳು.

"ಅವನ ಹೆಸರು ಹಾಕ್ಯಾರೇನು ಅದರಾಗ?" ಎಂದಳು.

"ಹಾಕ್ಯಾರವ್ವಾ. ಅಣವೀರಪ್ಪ."

ಅವಳು ವಿಭೂತಿಯ ಗಟ್ಟಿ ತಂದಳು. ಮೊದಲಿನ ಗೆರೆಗಳ ಕೆಳಗೆ ಇನ್ನೂ ಮೂರು ಗೆರೆ ಎಳೆದಳು. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ನಮ್ಮವರ ಕಡೆ ತಿರುಗಿದಳು.

"ಕಾಶಣ್ಣಾ! ಇಷ್ಟು ದೊಡ್ಡ ಸುದ್ದಿ ಬಿಟ್ಟು ಬರೇ ಊಟದ್ದು ಓದ್ತಿದ್ದೆಲ್ಲಾ?"

"ಚಷ್ಮಾ ಮಸುಕಾಗಿತ್ತವ್ವಾ" ಎಂದರು ಇವರು. ಅಂಥ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಸಲಿಂಗವ್ವ ಆ ಹಾಳೆ ತೆಗೆಯಲಿಲ್ಲ. ಎಲ್ಲರಿಗೂ ಅವಳ ಖೋಲಿಯಲ್ಲೇ ಆವತ್ತು ಊಟ. ಮೊದಲ ರೊಟ್ಟಿಯನ್ನು ಕಿಟಕಿಯ ಕೆಳಗೆ ಅಣವೀರಪ್ಪನಿಗೆ ಎಂದು ಇಟ್ಟಳು, ಎರಡನೆಯದನ್ನು ಮಗನಿಗೆ, ಮೂರನೆಯದನ್ನು ಇವರ ತಾಟಿಗೆ ಹಾಕಿದಳು.